ದಿಗ್ವ್ರತವೂ ಮಂಜಿನಲ್ಲಿ ಇಳಿಯುವ ವಿಮಾನವೂ

ದಟ್ಟ ಮಂಜು ಕವಿದ ಬೆಳಗು. ವಿಮಾನವೊಂದು ನಿಲ್ದಾಣದ ಕಡೆಗೆ ಇಳಿಯುತ್ತಿದೆ. ಇಂತಿಷ್ಟು ಎತ್ತರಕ್ಕೆ ಬಂದ ಮೇಲೂ ರನ್‌ವೇ ಕಣ್ಣಿಗೆ ಕಾಣದಿದ್ದರೆ ಇಳಿಯಕೂಡದು, ಮೇಲಕ್ಕೇರಿ ಹಿಂದಿರುಗಬೇಕು ಎಂಬ ನಿಯಮವನ್ನು ಅದರ ಚಾಲಕನು ಚೆನ್ನಾಗಿ ಬಲ್ಲನು. ಆ ಎತ್ತರ ಬಂದಿತು, ರನ್‌ವೇ ಕಾಣಲಿಲ್ಲ. ಆದರೂ ಅವನು ಇನ್ನಷ್ಟು ಕೆಳಕ್ಕಿಳಿದನು. ಕೊನೆಯ ಗಳಿಗೆಯಲ್ಲಿ ದೀಪಗಳು ಕಂಡವು, ವಿಮಾನವು ನಯವಾಗಿ ನೆಲ ಮುಟ್ಟಿತು. ಯಾರಿಗೂ ಗೀರುಗಾಯವೂ ಆಗಲಿಲ್ಲ. ಪ್ರಯಾಣಿಕರೆಲ್ಲರೂ ಸಕಾಲಕ್ಕೆ ಮನೆ ಸೇರಿದರು. ಹಾಗಾದರೆ ಇಲ್ಲಿ ಹಿಂಸೆ ನಡೆಯಿತೇ, ಇಲ್ಲವೇ?

ಲೋಕದ ಲೆಕ್ಕದಲ್ಲಿ ಇದಕ್ಕೆ ಉತ್ತರ ಸುಲಭ. ಸತ್ತವರಿಲ್ಲ, ನೊಂದವರಿಲ್ಲ, ಆದುದರಿಂದ ತಪ್ಪೂ ಇಲ್ಲ. ಬಹುಶಃ ಚಾಲಕನ ಜಾಣತನಕ್ಕೆ ಒಂದು ಮೆಚ್ಚುಗೆಯ ಮಾತೂ ಸಲ್ಲಬಹುದು. ಜೈನಾಚಾರ್ಯರ ಲೆಕ್ಕ ಬೇರೆ. ಅವರು ಹಿಂಸೆಯನ್ನು ಫಲದಿಂದ ಅಳೆದವರಲ್ಲ. ಹಾಗೆಂದು ಅವರ ಉತ್ತರವನ್ನು ತಟಕ್ಕನೆ ಹೇಳಿ ಮುಗಿಸುವುದೂ ಸರಿಯಲ್ಲ. ವಿಮಾನವನ್ನು ಇಳಿಸುವ ಕ್ರಮವನ್ನು ಸ್ವಲ್ಪ ತಿಳಿದುಕೊಂಡ ಹೊರತು ಈ ಪ್ರಶ್ನೆಯ ತೂಕ ಗೊತ್ತಾಗದು.

ದಾವಣಗೆರೆ ಜಿಲ್ಲೆಯ ಓದುಗರಿಗೆ ಇದು ತಮಗೆ ಸಂಬಂಧಪಡದ ವಿಷಯವೆಂದು ತೋರಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವು ಅಡಿಕೆ, ಭತ್ತ, ಮೆಕ್ಕೆಜೋಳಗಳ ಸೀಮೆ. ಬಸ್ಸು, ರೈಲುಗಳ ಸೀಮೆ. ಆದರೆ 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಬಂದಿಳಿಯಿತು. ಅಂದಿನಿಂದ ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ವರ್ತಕರಿಗೂ ಅವರ ಮಕ್ಕಳಿಗೂ ವಿಮಾನವು ಮನೆಯ ಬಾಗಿಲಿಗೆ ಬಂದಂತಾಗಿದೆ. ಆ ನಿಲ್ದಾಣ ಆರಂಭವಾದಾಗ ಮಂಜಿನಲ್ಲಿ ದಾರಿ ತೋರುವ ಉಪಕರಣಗಳು ಅಲ್ಲಿರಲಿಲ್ಲ. ಹಗಲಿನಲ್ಲಿ, ನೆಲವು ದೂರದಿಂದಲೇ ಸ್ಪಷ್ಟವಾಗಿ ಕಾಣುವಾಗ ಮಾತ್ರ ಇಳಿಯಬೇಕಾಗಿತ್ತು. ಮೋಡ ಕವಿದ ದಿನ ಶಿವಮೊಗ್ಗದ ಮೇಲಿನವರೆಗೆ ಬಂದ ವಿಮಾನ ಇಳಿಯದೆ ಬೆಂಗಳೂರಿಗೆ ಮರಳಿದ್ದುಂಟು. ಅಂತಹ ದಿನ ಅಂಗಡಿಯ ಗದ್ದಿಗೆಯ ಮೇಲೆ ಕೇಳಿಬರುವ ಮಾತು ಎಂಥದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಆ ಮಾತಿನ ವಿಚಾರವನ್ನು ಕೊನೆಯಲ್ಲಿ ನೋಡಬಹುದು.

ಮಂಜಿನಲ್ಲಿ ಇಳಿಯಲು ನೆರವಾಗುವ ಏರ್ಪಾಟಿಗೆ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಂ ಎಂದು ಹೆಸರು. ರನ್‌ವೇಯ ಆಚೆಯ ತುದಿಯಿಂದ ಹೊರಡುವ ರೇಡಿಯೋ ಸಂಕೇತವು ವಿಮಾನವು ಎಡಕ್ಕೆ ಸರಿದಿದೆಯೋ ಬಲಕ್ಕೆ ಸರಿದಿದೆಯೋ ಎಂಬುದನ್ನು ತೋರುತ್ತದೆ. ರನ್‌ವೇಯ ಪಕ್ಕದಿಂದ ಹೊರಡುವ ಇನ್ನೊಂದು ಸಂಕೇತವು ಸುಮಾರು 3 ಡಿಗ್ರಿ ಇಳಿಜಾರಿನ ಒಂದು ಅದೃಶ್ಯ ಮಾರ್ಗವನ್ನು ಆಕಾಶದಲ್ಲಿ ಹಾಸುತ್ತದೆ. ಚಾಲಕನು ಹೊರಗೆ ಏನೂ ಕಾಣದಿದ್ದರೂ ಮುಂದಿನ ಫಲಕದ ಸೂಚಿಗಳನ್ನು ನಂಬಿ ಈ ಮಾರ್ಗದಲ್ಲಿ ಇಳಿಯುತ್ತಾನೆ. ಆದರೆ ಈ ನಂಬಿಕೆಗೆ ಒಂದು ಗಡಿ ಇದೆ. ಸಾಮಾನ್ಯ ದರ್ಜೆಯ ವ್ಯವಸ್ಥೆಯಲ್ಲಿ ಆ ಗಡಿ ನೆಲದಿಂದ 200 ಅಡಿ. ಇದನ್ನು ನಿರ್ಣಯದ ಎತ್ತರವೆನ್ನುತ್ತಾರೆ. ರನ್‌ವೇಯ ಮೇಲೆ ಕನಿಷ್ಠ 550 ಮೀಟರ್ ದೂರ ಕಾಣುವಂತಿರಬೇಕು ಎಂಬುದು ಅದರ ಜೊತೆಗಿನ ನಿಯಮ. ಎರಡನೆಯ ದರ್ಜೆಯಲ್ಲಿ ಈ ಮಿತಿಗಳು 100 ಅಡಿಗೂ 300 ಮೀಟರಿಗೂ ಇಳಿಯುತ್ತವೆ. ಮೂರನೆಯ ದರ್ಜೆಯ ಉನ್ನತ ವ್ಯವಸ್ಥೆಯಲ್ಲಿ 50 ಮೀಟರ್ ಕಂಡರೂ ಯಂತ್ರವೇ ವಿಮಾನವನ್ನು ಇಳಿಸಬಲ್ಲದು. ಚಳಿಗಾಲದ ಮುಂಜಾವಿನ ಮಂಜಿಗೆ ಹೆಸರಾದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ ಒಂದು ರನ್‌ವೇಗೆ 2020ರ ಕೊನೆಯಲ್ಲಿ ಈ ದರ್ಜೆ ದೊರೆಯಿತು. ಅದಕ್ಕೆ ತಕ್ಕ ವಿಮಾನವೂ ತಕ್ಕ ತರಬೇತಿ ಪಡೆದ ಚಾಲಕರೂ ಬೇಕು. ದರ್ಜೆ ಏರಿದಂತೆ ಗಡಿ ಕೆಳಗಿಳಿಯುತ್ತದೆ. ಆದರೆ ಪ್ರತಿಯೊಂದು ದರ್ಜೆಗೂ ಅದರದೇ ಆದ ಮಿತಿ ಇದ್ದೇ ಇರುತ್ತದೆ.

ದೊಡ್ಡ ವಿಮಾನವು ಇಳಿಯುವಾಗಲೂ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿರುತ್ತದೆ. 200 ಅಡಿಯಿಂದ ನೆಲ ಮುಟ್ಟಲು ಬೇಕಾಗುವ ಕಾಲ ಹದಿನಾರೋ ಹದಿನೇಳೋ ಸೆಕೆಂಡುಗಳು, ಅಷ್ಟೇ. ಆದುದರಿಂದ ಆ ಎತ್ತರದಲ್ಲಿ ಚರ್ಚೆಗೆ ಆಸ್ಪದವಿಲ್ಲ. ಗಡಿ ಬಂದಿತೆಂಬ ಸೂಚನೆ 'ಮಿನಿಮಮ್ಸ್' ಎಂಬ ಒಂದು ಪದದಲ್ಲಿ ಬರುತ್ತದೆ. ಅದಕ್ಕೆ ಎರಡೇ ಉತ್ತರಗಳು. ರನ್‌ವೇಯೋ ಅದರ ದೀಪಗಳೋ ಕಂಡಿದ್ದರೆ 'ಲ್ಯಾಂಡಿಂಗ್'. ಕಾಣದಿದ್ದರೆ 'ಗೋ-ಅರೌಂಡ್', ಅಂದರೆ ಇಳಿಯುವುದನ್ನು ಕೈಬಿಟ್ಟು ಮೇಲಕ್ಕೇರುವುದು. 'ಇನ್ನೂ ಸ್ವಲ್ಪ ನೋಡೋಣ' ಎಂಬ ಮೂರನೆಯ ಉತ್ತರವನ್ನು ನಿಯಮವು ಇಟ್ಟಿಲ್ಲ. ಮನುಷ್ಯನ ಮನಸ್ಸಿಗೆ ಅತ್ಯಂತ ಪ್ರಿಯವಾದ ಉತ್ತರವೇ ಇದು ಎಂಬುದು ಗಮನಿಸಬೇಕಾದ ಸಂಗತಿ.

ಶ್ರಾವಕಾಚಾರವನ್ನು ಓದಿದವರಿಗೆ ಇಲ್ಲಿ ಪರಿಚಿತವಾದ ಒಂದು ವ್ರತ ನೆನಪಾಗದಿರದು. ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರ ಮಾತ್ರ ಹೋಗುವೆನು, ಅದರಾಚೆ ಹೋಗೆನು ಎಂದು ಜೀವಮಾನಕ್ಕೆಲ್ಲ ಮಿತಿ ಹಾಕಿಕೊಳ್ಳುವುದು ಇದರ ಸ್ವರೂಪ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮಿತಿಯನ್ನು ನದಿ, ಬೆಟ್ಟ, ಕಾಡು ಮೊದಲಾದ ಎಲ್ಲರೂ ಬಲ್ಲ ಗುರುತುಗಳಿಂದ ನಿಶ್ಚಯಿಸಿಕೊಳ್ಳಬೇಕೆಂದು ವಿಧಿಸಿದ್ದಾರೆ. ಸುಮಾರಾಗಿ, ಅಂದಾಜಿನಲ್ಲಿ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಗಡಿಯು ಮನಸ್ಸಿನೊಳಗಿದ್ದರೆ ಮನಸ್ಸಿನೊಡನೆ ಅದೂ ಸರಿದಾಡುತ್ತದೆ. ತುಂಗಭದ್ರೆಯ ದಡದಂತೆ ಹೊರಗೆ ಇದ್ದರೆ ದಾಟಿದವನಿಗೆ ದಾಟಿದ್ದು ಗೊತ್ತಾಗುತ್ತದೆ. ಎತ್ತರಮಾಪಕದ 200 ಅಡಿಯೂ ಇಂತಹ ಹೊರಗಿನ ಗುರುತೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಊರ್ಧ್ವವ್ಯತಿಕ್ರಮ, ಅಧೋವ್ಯತಿಕ್ರಮ, ತಿರ್ಯಗ್ವ್ಯತಿಕ್ರಮ, ಕ್ಷೇತ್ರವೃದ್ಧಿ, ಸ್ಮೃತ್ಯಂತರಾಧಾನ. ಮೇಲಿನ ಮಿತಿಯನ್ನು ಮೀರುವುದು, ಕೆಳಗಿನ ಮಿತಿಯನ್ನು ಮೀರುವುದು, ಅಡ್ಡದಿಕ್ಕಿನ ಮಿತಿಯನ್ನು ಮೀರುವುದು, ಲೋಭದಿಂದ ಮಿತಿಯನ್ನೇ ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಮಿತಿಯನ್ನು ಮರೆಯುವುದು ಎಂದು ಇವುಗಳ ತಾತ್ಪರ್ಯ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಧೋವ್ಯತಿಕ್ರಮಕ್ಕೆ ಕೊಡುವ ಉದಾಹರಣೆ ಬಾವಿಗೆ ಇಳಿಯುವುದು. ಮಂಜಿನೊಳಗೆ 200 ಅಡಿಯ ಕೆಳಗೆ ಇಳಿಯುವ ವಿಮಾನವನ್ನು ಯಾವ ಆಚಾರ್ಯರೂ ಕಂಡಿರಲಿಲ್ಲ. ಆದರೆ ಇಳಿಯುವವನ ಮನಸ್ಸನ್ನು ಅವರು ಕಂಡಿದ್ದರು.

ಬಾವಿಯ ಉದಾಹರಣೆಯನ್ನು ಜಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಯ ಕೊರತೆಯನ್ನೇ ಉಂಡು ಬೆಳೆದ ಆ ತಾಲ್ಲೂಕಿನಲ್ಲಿ ಕೊಳವೆಬಾವಿಯನ್ನು ನಂಬಿದ ರೈತರು ಬಹಳ. ರೈತನೊಬ್ಬನು 400 ಅಡಿಗೆ ನಿಲ್ಲಿಸುವುದೆಂದು ಹೆಂಡತಿಯೊಡನೆಯೂ ಮಕ್ಕಳೊಡನೆಯೂ ಮಾತಾಡಿ, ಅಷ್ಟಕ್ಕೇ ಹಣ ಹೊಂದಿಸಿಕೊಂಡಿರುತ್ತಾನೆ. 400 ಅಡಿಗೂ ಬರಿಯ ಧೂಳು. ಯಂತ್ರ ಗರ್ಜಿಸುತ್ತಿದೆ, ಸುತ್ತ ಜನ ನೆರೆದಿದ್ದಾರೆ. 'ಇಷ್ಟು ಹೋದದ್ದಾಯ್ತು, ಇನ್ನೈವತ್ತು ಅಡಿ ಹೋಗಲಿ ಗೌಡ್ರೆ' ಎಂದು ಒಬ್ಬರು ಹೇಳುತ್ತಾರೆ. ಐವತ್ತು ಅಡಿ ಹೋದ ಮೇಲೆ ಮತ್ತೈವತ್ತು. ನಿಲ್ಲಿಸಿದರೆ ಹಿಂದಿನ ಖರ್ಚೆಲ್ಲ ಮಣ್ಣುಪಾಲಾಯಿತೆಂಬ ಸಂಕಟ; ಮುಂದುವರಿದರೆ ಸಾಲ. ಬೆಳಿಗ್ಗೆ ಮನೆಯ ಜಗಲಿಯಲ್ಲಿ ಕುಳಿತು ಯೋಚಿಸಿದವನೂ ಮಧ್ಯಾಹ್ನ ಯಂತ್ರದ ಪಕ್ಕದಲ್ಲಿ ನಿಂತವನೂ ಒಬ್ಬನೇ. ಆದರೆ ಇಬ್ಬರ ಬುದ್ಧಿ ಒಂದೇ ಅಲ್ಲ. ಇದೇ ಕ್ಷೇತ್ರವೃದ್ಧಿ. ಕೆಲವೊಮ್ಮೆ 450 ಅಡಿಗೆ ನೀರು ಬಂದುಬಿಡುತ್ತದೆ ಎಂಬುದೇ ಇದರ ದೊಡ್ಡ ತೊಂದರೆ. ನೀರು ಬಂದವನ ಕಥೆ ಊರೆಲ್ಲ ಹರಡುತ್ತದೆ, ಬಾರದವನು ಸುಮ್ಮನಿರುತ್ತಾನೆ.

ವರ್ತಕರೂ ಇದಕ್ಕೆ ಹೊರತಲ್ಲ. ಇದಕ್ಕಿಂತ ಹೆಚ್ಚಿನ ಬೆಲೆಗೆ ಅಡಿಕೆಯನ್ನು ಕೊಳ್ಳುವುದಿಲ್ಲವೆಂದು ರಾತ್ರಿ ಲೆಕ್ಕದ ಪುಸ್ತಕದ ಮುಂದೆ ನಿಶ್ಚಯಿಸಿದ ಚನ್ನಗಿರಿಯ ವ್ಯಾಪಾರಿಯು ಮಾರನೆಯ ದಿನ ಪೈಪೋಟಿಯ ಬಿಸಿಯಲ್ಲಿ ಆ ಬೆಲೆಯನ್ನು ದಾಟುವುದು ಅಪರೂಪವೇನಲ್ಲ.

ಸಾದೃಶ್ಯವನ್ನು ಅತಿಯಾಗಿ ಎಳೆಯಬಾರದು. ದಿಗ್ವ್ರತವು ಶ್ರಾವಕನು ಸ್ವೇಚ್ಛೆಯಿಂದ, ಗಡಿಯಾಚೆಯ ಪಾಪದಿಂದ ವಿರಮಿಸುವುದಕ್ಕಾಗಿ ಹಿಡಿಯುವ ವ್ರತ. ವಿಮಾನದ ಮಿತಿಯು ಸರಕಾರ ವಿಧಿಸಿದ ನಿಯಮ. ಊರ್ಧ್ವವ್ಯತಿಕ್ರಮವಂತೂ ಇಲ್ಲಿ ಹೊಂದುವುದೇ ಇಲ್ಲ. ಮೇಲಕ್ಕೇರುವುದೇ ವಿಮಾನಕ್ಕೆ ಕ್ಷೇಮದ ದಾರಿ. ಆದರೂ ಎರಡರ ಮರ್ಮ ಒಂದೇ. ಪ್ರಲೋಭನೆ ಎದುರಿಗೆ ನಿಂತಾಗ ಯೋಚಿಸುವ ಶಕ್ತಿ ಮನುಷ್ಯನಿಗೆ ಕಡಿಮೆ. ಆದುದರಿಂದ ಅದು ಬರುವ ಮೊದಲೇ ಯೋಚಿಸಿ ಮುಗಿಸಿರಬೇಕು. ರಾತ್ರಿಭೋಜನ ತ್ಯಾಗದ ನಿಯಮವೂ ಹೀಗೆಯೇ ಅಲ್ಲವೇ? ಊಟದ ಹೊತ್ತನ್ನು ನಿಶ್ಚಯಿಸುವುದು ಸೂರ್ಯ. ಹಸಿವಿಗೆ ಆ ಅಧಿಕಾರವಿಲ್ಲ. ಹಸಿದವನನ್ನು ಕೇಳಿದರೆ ಸಂಜೆಯ ಮಬ್ಬಿನಲ್ಲಿಯೂ 'ಇನ್ನೂ ಬೆಳಕಿದೆ' ಎಂದೇ ಹೇಳುವನು.

ಮುನಿಗಳ ಈರ್ಯಾಸಮಿತಿಯು ಇದಕ್ಕಿಂತಲೂ ಹತ್ತಿರದ ಹೋಲಿಕೆ. ಹಗಲಿನ ಬೆಳಕಿನಲ್ಲಿ, ಜನ ನಡೆದಾಡಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕೆಂಬುದು ಅವರ ನಿಯಮ. ಕಾಣದ ನೆಲದ ಮೇಲೆ ಕಾಲಿಡುವ ಹಕ್ಕು ಅವರಿಗಿಲ್ಲ. ಮಳೆಗಾಲದಲ್ಲಿ ಹಸುರೂ ಕ್ರಿಮಿಗಳೂ ನೆಲವನ್ನು ಮುಚ್ಚಿದಾಗ ವಿಹಾರವನ್ನೇ ನಿಲ್ಲಿಸಿ ಒಂದೆಡೆ ವರ್ಷಾಯೋಗ ಕೈಗೊಳ್ಳುತ್ತಾರೆ. ನಾಲ್ಕು ಮೊಳವೂ 550 ಮೀಟರೂ ಅಳತೆಯಲ್ಲಿ ಅಜಗಜಾಂತರ. ಆದರೆ ಮುನಿಯದು ನಡಿಗೆಯ ವೇಗ, ವಿಮಾನದ್ದು ಸೆಕೆಂಡಿಗೆ ಎಪ್ಪತ್ತು ಮೀಟರಿನ ವೇಗ. ವೇಗಕ್ಕೆ ತಕ್ಕ ನೋಟ ಬೇಕೆಂಬ ವಿವೇಕ ಎರಡರಲ್ಲಿಯೂ ಒಂದೇ.

ಈ ವಿವೇಕ ತಪ್ಪಿದಾಗ ಏನಾಯಿತೆಂಬುದಕ್ಕೆ ನೆರೆಯ ಕೇರಳದ ಕೋಯಿಕ್ಕೋಡಿನ ಉದಾಹರಣೆಯಿದೆ. 2020ರ ಆಗಸ್ಟ್ 7ರ ಸಂಜೆ, ಕೊರೋನಾದ ಕಾಲದಲ್ಲಿ ದುಬೈಯಿಂದ ಜನರನ್ನು ಊರಿಗೆ ಕರೆತರುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು 190 ಜನರೊಡನೆ ಅಲ್ಲಿಗೆ ಬಂದಿತು. ಬೆಟ್ಟದ ತಲೆಯನ್ನು ಸವರಿ ಮಾಡಿದ ನಿಲ್ದಾಣ ಅದು. ರನ್‌ವೇಯ ತುದಿಯಾಚೆ ಕಮರಿ. ಜಡಿಮಳೆ ಸುರಿಯುತ್ತಿತ್ತು. ಮೊದಲ ಪ್ರಯತ್ನದಲ್ಲಿ ಕ್ಯಾಪ್ಟನ್‌ರ ಮುಂದಿನ ಗಾಜಿನ ವೈಪರ್ ನಿಂತುಹೋಯಿತು. ಅವರು ಇಳಿಯದೆ ಮೇಲಕ್ಕೇರಿದರು. ಇಲ್ಲಿಯವರೆಗೆ ಅವರ ನಡತೆಯಲ್ಲಿ ಲೋಪವಿಲ್ಲ. ಮಿತಿಯನ್ನು ಕಂಡು ಹಿಂದಿರುಗಿದವರು ಅವರು. ಬೇರೆ ನಿಲ್ದಾಣಕ್ಕೆ ಹೋಗಲು ಸಾಕಷ್ಟು ಇಂಧನವೂ ಇತ್ತು. ಆದರೆ ಎರಡನೆಯ ಪ್ರಯತ್ನ ಅದೇ ರನ್‌ವೇಗೆ, ಎದುರು ದಿಕ್ಕಿನಿಂದ, ಹಿಂಗಾಳಿಯೊಡನೆ ನಡೆಯಿತು. 8,858 ಅಡಿ ಉದ್ದದ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು ಸುಮಾರು 4,438 ಅಡಿ ಕಳೆದ ಮೇಲೆ. ಸಹಚಾಲಕನು 'ಗೋ-ಅರೌಂಡ್' ಎಂದನು, ಅದು ನಡೆಯಲಿಲ್ಲ. ವಿಮಾನ ತುದಿಯನ್ನು ದಾಟಿ ಕಮರಿಗೆ ಬಿದ್ದು ಮುರಿಯಿತು. ಇಬ್ಬರು ಚಾಲಕರೂ ಸೇರಿ 21 ಜನ ಮಡಿದರು.

ಕ್ಯಾಪ್ಟನ್ ಅನನುಭವಿಯಲ್ಲ, ಆ ನಿಲ್ದಾಣವನ್ನು ಚೆನ್ನಾಗಿ ಬಲ್ಲವರು. ಮರುದಿನ ಬೆಳಿಗ್ಗೆ ಅಲ್ಲಿಂದ ಹೊರಡುವ ವಿಮಾನವನ್ನು ಅವರೇ ನಡೆಸಬೇಕಾಗಿತ್ತು. ಬೇರೆಡೆ ಇಳಿದಿದ್ದರೆ ಆ ಏರ್ಪಾಡು ತಪ್ಪುತ್ತಿತ್ತು. ಅವರ ಮನಸ್ಸನ್ನು ಎಳೆದಿರಬಹುದಾದ ಕಾರಣಗಳಲ್ಲಿ ಇದನ್ನೂ ತನಿಖೆಯ ವರದಿ ಎಣಿಸಿತು. ಇಲ್ಲಿ ನಿಲ್ಲಿಸಿ ಯೋಚಿಸಬೇಕು. ಇದರಲ್ಲಿ ಹಣದಾಸೆಯಿಲ್ಲ, ದ್ವೇಷವಿಲ್ಲ. ಇರುವುದು ಕರ್ತವ್ಯನಿಷ್ಠೆಯೇ. ಜೈನಶಾಸ್ತ್ರವು ಲೋಭವೆಂಬ ಪದವನ್ನು ಬಹಳ ಸೂಕ್ಷ್ಮವಾಗಿ ಬಳಸುವುದು ಇದಕ್ಕಾಗಿಯೇ ಇರಬೇಕು. ಅಂದುಕೊಂಡದ್ದು ಅಂದುಕೊಂಡಂತೆಯೇ ನಡೆಯಬೇಕೆಂಬ ಅಂಟು, ಅದು ಸತ್ಕಾರ್ಯದ ಅಂಟಾದರೂ, ಮಿತಿಯನ್ನು ಹಿಗ್ಗಿಸುವುದರಲ್ಲಿ ಧನಲೋಭಕ್ಕೆ ಏನೂ ಕಡಿಮೆಯಲ್ಲ.

ಕರ್ನಾಟಕದವರು ಮರೆಯಲಾಗದ ಇನ್ನೊಂದು ದಿನ 2010ರ ಮೇ 22. ದುಬೈಯಿಂದ ಮಂಗಳೂರಿಗೆ ಬಂದ ಅದೇ ಸಂಸ್ಥೆಯ ವಿಮಾನವು ಬಜ್ಪೆಯ ಬೆಟ್ಟದ ಮೇಲಿನ ರನ್‌ವೇಯನ್ನು ದಾಟಿ ಕೆಳಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ 158 ಜನ ಮಡಿದರು, 8 ಜನ ಉಳಿದರು. ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ಎಷ್ಟೋ ಮನೆಗಳು ಒಂದೇ ಬೆಳಗಿನಲ್ಲಿ ಕತ್ತಲಾದವು. ಆಶ್ಚರ್ಯವೆಂದರೆ ಅಂದು ಮಂಜಿರಲಿಲ್ಲ, ಮಳೆಯಿರಲಿಲ್ಲ. 6 ಕಿಲೋಮೀಟರ್ ದೂರ ಕಾಣುತ್ತಿತ್ತು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಅದನ್ನು ಅವಸರದಿಂದ ಇಳಿಸಿದಾಗ 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಕ್ಯಾಪ್ಟನ್ ಆ ಪ್ರಯಾಣದಲ್ಲಿ ಒಂದೂವರೆ ಗಂಟೆಗೂ ಮೀರಿ ನಿದ್ರಿಸಿದ್ದರು. ನಿದ್ರೆಯ ಜಡತೆ ಪೂರ್ತಿಯಾಗಿ ಕಳೆದಿರಲಿಲ್ಲವೆಂದು ವಿಚಾರಣೆ ಹೇಳಿತು. ಹೊರಗೆಲ್ಲ ನಿರ್ಮಲವಾಗಿದ್ದಾಗ ಮಂಜು ಒಳಗೆ ಕವಿದಿತ್ತು. ಪ್ರಮಾದದ ಹದಿನೈದು ಭೇದಗಳನ್ನು ಎಣಿಸುವಾಗ ಶಾಸ್ತ್ರಕಾರರು ಕಷಾಯಗಳ ಜೊತೆಯಲ್ಲಿ ನಿದ್ರೆಯನ್ನೂ ಸೇರಿಸಿದ್ದು ಕಾರಣವಿಲ್ಲದೆ ಅಲ್ಲ.

ಆ ವಿಮಾನದ ಸಹಚಾಲಕನ ವಿಷಯ ಇನ್ನೂ ಮನಕಲಕುವಂಥದು. ಅವರು ಒಂದು ಸಲವಲ್ಲ, ಮೂರು ಸಲ 'ಗೋ-ಅರೌಂಡ್' ಎಂದು ಹೇಳಿದರು. ಅವರ ಮನಸ್ಸು ಅಪಾಯವನ್ನು ಅರಿತಿತ್ತು, ಅವರ ವಚನವು ಅದನ್ನು ನುಡಿಯಿತು. ಕಾಯವು ಮಾತ್ರ ಮುಂದುವರಿಯಲಿಲ್ಲ. ಅವರು ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅದನ್ನು ದೌರ್ಬಲ್ಯವೆಂದು ಮನೆಯಲ್ಲಿ ಕುಳಿತು ಹೇಳುವುದು ಸುಲಭ, ಮತ್ತು ಅನ್ಯಾಯ. ಸಹಚಾಲಕನಿಗೆ ಆ ಅಧಿಕಾರವನ್ನು ಕೊಡುವ ಸೂಚನೆಗಳು ಅಸ್ಪಷ್ಟವಾಗಿದ್ದುದೇ ಇದಕ್ಕೆ ಕಾರಣವಿರಬೇಕೆಂದು ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಹಿರಿಯರಿಗೆ ವಿನಯ ತೋರುವುದು ಧರ್ಮವೆಂದು ಕಲಿತ ಸಮಾಜದಲ್ಲಿ, ಹಿರಿಯನು ತಪ್ಪುವ ಗಳಿಗೆಯಲ್ಲಿ ಕಿರಿಯನು ಏನು ಮಾಡಬೇಕೆಂಬುದನ್ನು ಯಾರಾದರೂ ಮೊದಲೇ, ಸ್ಪಷ್ಟವಾಗಿ, ಬರೆದು ಇಡಬೇಕು. ಆ ಗಳಿಗೆಯಲ್ಲಿಯೇ ಅದನ್ನು ಕಂಡುಕೊಳ್ಳಲಿ ಎಂದು ಬಿಡುವುದು ಅವನ ಮೇಲೆ ಹೊರಿಸುವ ಕ್ರೂರವಾದ ಭಾರ.

ಈಗ ಮೊದಲ ಪ್ರಶ್ನೆಗೆ ಬರಬಹುದು. ಮಿತಿಯನ್ನು ಮೀರಿಯೂ ಸುಖವಾಗಿ ಇಳಿದ ಆ ಚಾಲಕನಿಂದ ಹಿಂಸೆಯಾಯಿತೇ?

ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಇದನ್ನು ಕೊನೆಯವರೆಗೂ ಒಯ್ಯುತ್ತದೆ. ಎಚ್ಚರದಿಂದ ನಡೆಯುವವನ ಕಾಲಿಗೆ ಸಿಕ್ಕಿ ಜೀವವೊಂದು ಸತ್ತರೂ ಅವನು ಹಿಂಸಕನಲ್ಲ. ರಾಗಾದಿಗಳಿಗೆ ವಶನಾಗಿ ಅಜಾಗರೂಕನಾಗಿ ನಡೆಯುವವನಿಂದ ಒಂದು ಜೀವವೂ ಸಾಯದಿದ್ದರೂ ಹಿಂಸೆ ಅವನ ಮುಂದೆಯೇ ಓಡುತ್ತಿರುತ್ತದೆ ಎಂಬುದು ಅವರ ನಿಲುವು. ಹಾಗಾದರೆ ಉತ್ತರ ಸ್ಪಷ್ಟ. ದ್ರವ್ಯಹಿಂಸೆ ನಡೆಯಲಿಲ್ಲ, ಭಾವಹಿಂಸೆ ನಡೆದುಹೋಯಿತು. 199ನೆಯ ಅಡಿಯಲ್ಲಿಯೇ ನಡೆದುಹೋಯಿತು. ಅನಂತರ ದೀಪ ಕಂಡದ್ದೂ ಕಾಣದಿದ್ದುದೂ ಮಂಜಿಗೆ ಸಂಬಂಧಪಟ್ಟ ವಿಷಯ. ಅದರಿಂದ ಚಾಲಕನ ಪುಣ್ಯಪಾಪಗಳು ಬದಲಾಗುವುದಿಲ್ಲ.

ಇದು ಕಠಿಣವಾದ ಸಿದ್ಧಾಂತ. ಹಾಗಾದರೆ 158 ಜನ ಸತ್ತದ್ದಕ್ಕೂ ಒಬ್ಬರೂ ಸಾಯದಿದ್ದುದಕ್ಕೂ ವ್ಯತ್ಯಾಸವಿಲ್ಲವೇ ಎಂದು ಮನೆಯವರನ್ನು ಕಳೆದುಕೊಂಡವರು ಕೇಳಿದರೆ, ಶಾಸ್ತ್ರವಾಕ್ಯವನ್ನು ಮುಂದಿಟ್ಟು ಉತ್ತರಿಸುವ ಧೈರ್ಯ ಯಾರಿಗೂ ಬರಬಾರದು. ಅವರ ದುಃಖದ ಲೆಕ್ಕ ಬೇರೆ, ಬಂಧದ ಲೆಕ್ಕ ಬೇರೆ. ಬಂಧದಲ್ಲಿಯೂ ತೀವ್ರಭಾವ, ಮಂದಭಾವ, ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂಬ ತರತಮಗಳಿವೆ. ಆ ಇಬ್ಬರು ಕ್ಯಾಪ್ಟನ್‌ರ ಅಂತರಂಗದಲ್ಲಿ ಆ ಗಳಿಗೆ ಏನಿತ್ತೆಂಬುದು ಕೇವಲಜ್ಞಾನಕ್ಕೆ ಮಾತ್ರ ಗೋಚರ. ಅವರೂ ತಮ್ಮ ಪ್ರಾಣವನ್ನೇ ತೆತ್ತರು. ಈ ಸಿದ್ಧಾಂತದ ಪ್ರಯೋಜನ ಸತ್ತವರನ್ನು ತೂಗುವುದರಲ್ಲಿಲ್ಲ. ಸುಖವಾಗಿ ಇಳಿದು ಮನೆಗೆ ಹೋದವರನ್ನು ತಡೆದು ನಿಲ್ಲಿಸಿ ಕೇಳುವುದರಲ್ಲಿದೆ. ಏಕೆಂದರೆ ಅವರನ್ನು ಬೇರೆ ಯಾರೂ ಕೇಳುವುದಿಲ್ಲ. ಮಿತಿ ಮೀರಿಯೂ ಕ್ಷೇಮವಾಗಿ ಇಳಿದ ಪ್ರತಿಯೊಂದು ಸಲವೂ ಮಿತಿ ಅಷ್ಟೇನೂ ಮುಖ್ಯವಲ್ಲವೆಂಬ ಪಾಠವನ್ನು ಕಲಿಸುತ್ತದೆ. ನೆಲೆಗೊಳ್ಳದ, ಅಂದರೆ ವೇಗವೋ ಎತ್ತರವೋ ಹದಕ್ಕೆ ಬಾರದ ಸ್ಥಿತಿಯಲ್ಲಿ ಇಳಿಯಲು ಹೊರಟ ವಿಮಾನಗಳಲ್ಲಿ ನೂರಕ್ಕೆ ಸುಮಾರು ಮೂರು ಮಾತ್ರ ನಿಯಮದಂತೆ ಮೇಲಕ್ಕೇರುತ್ತವೆಂದು ಫ್ಲೈಟ್ ಸೇಫ್ಟಿ ಫೌಂಡೇಷನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಯನವು ಕಂಡುಕೊಂಡಿದೆ. ಉಳಿದ ತೊಂಬತ್ತೇಳು ಇಳಿಯುತ್ತವೆ, ಮತ್ತು ಬಹುತೇಕ ಎಲ್ಲವೂ ಕ್ಷೇಮವಾಗಿಯೇ ಇಳಿಯುತ್ತವೆ. 450 ಅಡಿಗೆ ನೀರು ಕಂಡ ಬಾವಿಗಳು ಇವು.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ನಿಯಮವು ಅಷ್ಟು ಕಠೋರವಾಗಿದ್ದರೆ ವಿವೇಕಕ್ಕೆ ಎಡೆಯೆಲ್ಲಿ? ವಿಮಾನದೊಳಗೆ ಬೆಂಕಿ ಹತ್ತಿದ್ದರೆ, ಇಂಧನ ತೀರುತ್ತಿದ್ದರೆ, ಆಗಲೂ ಮೇಲಕ್ಕೇರಬೇಕೇ? ಬೇಕಿಲ್ಲ. ತುರ್ತು ಸಂದರ್ಭದಲ್ಲಿ ಪ್ರಾಣರಕ್ಷಣೆಗಾಗಿ ನಿಯಮವನ್ನು ಮೀರುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಜೈನಾಚಾರದಲ್ಲಿಯೂ ಉತ್ಸರ್ಗ, ಅಪವಾದ ಎಂಬ ಎರಡು ಮಾರ್ಗಗಳುಂಟು. ನಿಯಮವು ಯಾವುದನ್ನು ಕಾಪಾಡಲು ಹುಟ್ಟಿತೋ ಅದನ್ನೇ ಕಾಪಾಡಲು ನಿಯಮವನ್ನು ಬಿಡುವುದು ಅಪವಾದ. ಹೊತ್ತು ಮೀರುತ್ತದೆ, ನಾಳೆಯ ಕೆಲಸ ಕೆಡುತ್ತದೆ ಎಂದು ಬಿಡುವುದಕ್ಕೆ ಆ ಹೆಸರು ಸಲ್ಲದು.

ಅಪವಾದದ ಅಗತ್ಯ ಬಾರದಂತೆ ನೋಡಿಕೊಳ್ಳುವುದೂ ವ್ರತದ ಭಾಗವೇ. ಹೊರಡುವಾಗಲೇ ವಿಮಾನವು ಗಮ್ಯಸ್ಥಾನಕ್ಕೆ ಬೇಕಾದಷ್ಟನ್ನಲ್ಲದೆ ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನವನ್ನೂ, ಅದರ ಮೇಲೆ ಅರ್ಧ ಗಂಟೆ ಹಾರುವಷ್ಟನ್ನೂ ಹೊತ್ತಿರಬೇಕು. ಆ ಹೆಚ್ಚಿನ ಭಾರವನ್ನು ಹೊರಲು ಖರ್ಚಿದೆ, ಮತ್ತು ಬಹಳ ದಿನಗಳಲ್ಲಿ ಅದು ವ್ಯರ್ಥವೆಂದೇ ತೋರುತ್ತದೆ. ವ್ಯಾಪಾರ ಬಲ್ಲವರಿಗೆ ಇದು ತಿಳಿಯದ್ದಲ್ಲ. ಕೈಯಲ್ಲಿ ಮೀಸಲು ಹಣವಿಲ್ಲದ ವರ್ತಕನು ಪ್ರಾಮಾಣಿಕನಾಗಿದ್ದರೂ ಸಾಲಗಾರನು ಬಾಗಿಲಿಗೆ ಬಂದ ದಿನ ಯಾವ ಬೆಲೆಗಾದರೂ ಮಾರಲೇಬೇಕಾಗುತ್ತದೆ.

ಇನ್ನು ಅಂಗಡಿಯ ಗದ್ದಿಗೆಯ ಮಾತು. ವಿಮಾನ ಸೋಗಾನೆಯಲ್ಲಿ ಇಳಿಯದೆ ಹಿಂದಿರುಗಿದ ದಿನ, ಅಥವಾ ಮಂಜಿನಿಂದಾಗಿ ದೇವನಹಳ್ಳಿಯ ಬದಲು ಚೆನ್ನೈಗೆ ಹೋದ ದಿನ, ಪ್ರಯಾಣಿಕನು ಏನೆನ್ನುತ್ತಾನೆ? 'ಮೊನ್ನೆಯವನು ಇದಕ್ಕಿಂತ ಮಂಜಿನಲ್ಲಿ ಇಳಿಸಿದ, ಇವನಿಗೆ ಧೈರ್ಯವಿಲ್ಲ' ಎನ್ನುತ್ತಾನೆ. ಮದುವೆಯ ಮುಹೂರ್ತ ತಪ್ಪಿತು, ವ್ಯವಹಾರ ಕೈತಪ್ಪಿತು ಎಂದು ಗಗನಸಖಿಯ ಮೇಲೆ ಸಿಡುಕುತ್ತಾನೆ. ಮುಂದಿನ ಸಲ ಮಂಜಿನ ನಡುವೆ ಧಡಕ್ಕನೆ ಇಳಿದಾಗ ಚಪ್ಪಾಳೆ ತಟ್ಟುತ್ತಾನೆ. ಮಂಜನ್ನು ಕಂಡು ಮೇಲಕ್ಕೇರಿದ ಚಾಲಕನನ್ನು ಪ್ರಶ್ನಿಸಬಾರದು, ದಂಡಿಸಬಾರದು ಎಂದು ಅನೇಕ ವಿಮಾನ ಸಂಸ್ಥೆಗಳು ಬರಹದಲ್ಲಿ ಒಪ್ಪಿಕೊಂಡಿವೆ. ಪ್ರಯಾಣಿಕರು ಮಾತ್ರ ಅಂತಹ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ.

ಜಪಮಾಲೆಯ 108 ಮಣಿಗಳ ಲೆಕ್ಕವನ್ನು ಮನೆಯ ಹಿರಿಯರು ಮಕ್ಕಳಿಗೆ ಹೇಳಿಕೊಡುವುದುಂಟು. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಅವು ಮನಸ್ಸು, ವಚನ, ಕಾಯಗಳಿಂದ ಒಂಬತ್ತು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಭೇದದಿಂದ ಇಪ್ಪತ್ತೇಳು. ಕ್ರೋಧ, ಮಾನ, ಮಾಯಾ, ಲೋಭಗಳಿಂದ ನೂರೆಂಟು. ಇದರಲ್ಲಿ ಕೃತದ ಪಾಲು 36, ಕಾರಿತದ ಪಾಲು 36. ಮೊದಲನೆಯದು ಚಾಲಕನ ಖಾತೆಗೆ, ಎರಡನೆಯದು ಅವನ ಮೇಲೆ ವೇಳಾಪಟ್ಟಿಯ ಒತ್ತಡ ಹೇರಿದವರ ಖಾತೆಗೆ. ಉಳಿದ 36 ಅನುಮೋದನೆಯವು. ಕಿಟಕಿಯ ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡು ಕುಳಿತು, ಹೊರಗಿನ ಬಿಳುಪನ್ನು ನೋಡುತ್ತ, ಹೇಗಾದರೂ ಇಳಿಸಿಬಿಡಲಿ ಎಂದುಕೊಳ್ಳುವವನ ಖಾತೆಗೆ ಅವು ಬರುತ್ತವೆ.